ಬೆಟ್ಟ ಹತ್ತುವ ಮುನ್ನ

ಮಕ್ಕಳು ಬೆಳೆದಂತೆ ಅವರು ಕೇಳುವ ಅಪ್ಪಣೆಯೂ ಬೆಳೆಯುತ್ತದೆ. ಚಿಕ್ಕವರಿದ್ದಾಗ ಬೀದಿ ತುದಿಯ ಅಂಗಡಿಗೆ ಹೋಗಿ ಬರಲೇ ಎಂದು ಕೇಳುತ್ತಾರೆ. ಸ್ವಲ್ಪ ದೊಡ್ಡವರಾದರೆ ಪಕ್ಕದ ಊರಿನ ಜಾತ್ರೆ, ಆಮೇಲೆ ಶಾಲೆಯ ಪ್ರವಾಸ. ಹೂಂ ಎನ್ನುವುದು ಸುಲಭ, ಬೇಡ ಎನ್ನುವುದು ಇನ್ನೂ ಸುಲಭ. ಇವೆರಡರ ನಡುವೆ ಒಂದು ಕಷ್ಟದ ದಾರಿ ಇದೆ. ‘ಹೋಗು, ಆದರೆ ಹೇಗೆ ಹೋಗುತ್ತೀ ಎಂದು ಇಬ್ಬರೂ ಕೂತು ಯೋಚಿಸೋಣ’ ಎನ್ನುವುದೇ ಆ ದಾರಿ. ಕಳೆದ ವರ್ಷ ನಮ್ಮ ಮನೆಯಲ್ಲಿ ಹತ್ತು ವಾರ ನಡೆದದ್ದು ಇದೇ. ಮಕ್ಕಳನ್ನು ಸಾಕುತ್ತಿರುವ ತಂದೆತಾಯಿಗಳಿಗೆ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ.

ನಾನು ತಾಳವಾಡಿ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಪಾಠ ಹೇಳುವವಳು. ನಮ್ಮ ಕಿರಿಯ ಮಗ ಕೊಯಮತ್ತೂರಿನಲ್ಲಿ ಓದುತ್ತಿದ್ದಾನೆ. 2024ರ ದೀಪಾವಳಿ ರಜೆಗೆ ಬಂದವನು ಊಟಕ್ಕೆ ಕೂತಾಗ ಮೆಲ್ಲಗೆ ಮಾತು ತೆಗೆದ. ‘ಅಮ್ಮಾ, ಪೊಂಗಲ್ ಕಳೆದ ಮೇಲೆ ನಾವು ಮೂವರು ಹುಡುಗರು ಗೇರ್ ಸೈಕಲ್‌ನಲ್ಲಿ ನೀಲಗಿರಿ ಹತ್ತಬೇಕು ಅಂತಿದ್ದೀವಿ. ನಾಲ್ಕು ದಿನ.’

ಬೇರೆ ಮನೆಯಾಗಿದ್ದರೆ ಇದು ಅಷ್ಟು ದೊಡ್ಡ ಮಾತಲ್ಲ. ನಮ್ಮ ಮನೆಯಲ್ಲಿ ದೊಡ್ಡದೇ. ಈ ಹುಡುಗನಿಗೆ ಹನ್ನೊಂದನೆಯ ವಯಸ್ಸಿನಿಂದ ಟೈಪ್ 1 ಮಧುಮೇಹ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು.

ಒಂದು ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು. ‘ಸಿಹಿ ಜಾಸ್ತಿ ತಿನ್ನಿಸಿಬಿಟ್ಟಿರಿ’ ಎಂದು ಹೇಳಿದ ನೆಂಟರು ಲೆಕ್ಕಕ್ಕಿಲ್ಲ. ಈ ಕಾಯಿಲೆ ಸಿಹಿ ತಿಂದು ಬರುವುದಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ಹಾಳುಮಾಡಿಬಿಡುತ್ತದೆ. ಆಮೇಲೆ ಇನ್ಸುಲಿನ್ನನ್ನು ಹೊರಗಿನಿಂದ ಕೊಡಲೇಬೇಕು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದರು. ಅದಕ್ಕೆ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ. ಈಗ ಬದುಕುತ್ತಾರೆ, ಓದುತ್ತಾರೆ, ದುಡಿಯುತ್ತಾರೆ. ಆದರೆ ಲೆಕ್ಕ ತಪ್ಪುವಂತಿಲ್ಲ. ಊಟ, ಇನ್ಸುಲಿನ್, ದೇಹಶ್ರಮ, ಈ ಮೂರೂ ತೂಗಬೇಕು. ಶ್ರಮ ಹೆಚ್ಚಾದರೆ ರಕ್ತದ ಸಕ್ಕರೆ ಸರ್ರನೆ ಇಳಿಯುತ್ತದೆ. ಬೆವರು, ನಡುಕ, ತೊದಲು ಮಾತು, ಆಮೇಲೆ ಎಚ್ಚರ ತಪ್ಪುವುದು. ಬೆಟ್ಟದ ತಿರುವಿನಲ್ಲಿ ಸೈಕಲ್ ಮೇಲೆ ಹಾಗಾದರೆ?

ನನ್ನ ಅತ್ತೆ ತಟ್ಟೆ ಸರಿಸಿ, ‘ಬ್ಯಾಡ ಮಗಾ, ಮನೇಲಿರು’ ಎಂದರು. ಹುಡುಗ ಎದುರು ಮಾತಾಡಲಿಲ್ಲ. ಕೈ ತೊಳೆದು ಬಂದು ಹೇಳಿದ್ದು ಇಷ್ಟೇ: ‘ಒಂಬತ್ತು ವರ್ಷದಿಂದ ಬ್ಯಾಡ ಅನ್ನೋ ಮಾತು ಕೇಳಿದ್ದೀನಿ ಅಜ್ಜಿ. ಯಾಕೆ ಬ್ಯಾಡ ಅಂತ ಒಂದೊಂದಾಗಿ ಹೇಳಿ, ಒಂದೊಂದಕ್ಕೂ ಉತ್ತರ ಹುಡುಕ್ತೀನಿ.’

ಆ ರಾತ್ರಿ ಶಾಲೆಯ ಹಳೆಯ ನೋಟ್‌ಬುಕ್ ಒಂದನ್ನು ತೆಗೆದುಕೊಂಡು ನನ್ನ ಭಯಗಳನ್ನೆಲ್ಲ ಪಟ್ಟಿ ಮಾಡಿದೆ. ಹತ್ತೊಂಬತ್ತು ಆದವು. ಪುಟದ ಎಡಕ್ಕೆ ನನ್ನ ಭಯ, ಬಲಕ್ಕೆ ಅವನ ಉತ್ತರ. ಯೋಜನೆ ಶುರುವಾದದ್ದು ಹೀಗೆ.

ದಾರಿಯ ಲೆಕ್ಕ

ಮೊದಲ ಪ್ರಶ್ನೆ ಕಾಲದ್ದು. ನೀಲಗಿರಿಗೆ ಎರಡು ಮಳೆಗಾಲ. ಜೂನಿನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು ಗೂಡಲೂರು, ನಡುವಟ್ಟಂ ಕಡೆಯ ಪಶ್ಚಿಮ ಮಗ್ಗುಲಿಗೆ ಹೊಡೆಯುತ್ತದೆ. ಅಕ್ಟೋಬರ್, ನವೆಂಬರಿನ ಹಿಂಗಾರು ಕೂನೂರು, ಕೋತಗಿರಿ ಇರುವ ಪೂರ್ವದ ಮಗ್ಗುಲಿಗೆ. 2009ರ ನವೆಂಬರಿನಲ್ಲಿ ಆ ಮಗ್ಗುಲಲ್ಲೇ ಗುಡ್ಡ ಕುಸಿದು ನಲವತ್ತಕ್ಕೂ ಹೆಚ್ಚು ಜನ ಸತ್ತದ್ದು ನಮ್ಮ ಕಡೆಯವರಿಗೆ ಮರೆತಿಲ್ಲ. ಫೆಬ್ರವರಿ ಕಳೆದರೆ ಕಾಡಿನ ಬೆಂಕಿಯ ಭಯ, ಏಪ್ರಿಲ್ ಮೇನಲ್ಲಿ ಪ್ರವಾಸಿಗಳ ನೂಕುನುಗ್ಗಲು. ಹಾಗಾಗಿ ಪೊಂಗಲ್ ಗದ್ದಲ ಇಳಿದ ಮೇಲಿನ ಜನವರಿಯೇ ಸರಿ ಎಂದಾಯಿತು. ಚಳಿ ಮಾತ್ರ ಜೋರು. ಆಗ ಊಟಿಯ ತಗ್ಗುಗಳಲ್ಲಿ ಬೆಳಗಿನ ಹೊತ್ತು ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ.

ಎರಡನೆಯದು, ಎಲ್ಲಿಂದ ತುಳಿಯುವುದು? ಮನೆಯಿಂದಲೇ ಹೊರಡಬೇಕೆಂದು ಹುಡುಗರ ಆಸೆ. ಆದರೆ ತಾಳವಾಡಿಯಿಂದ ಕೆಳಗಿಳಿಯುವ ದಾರಿ ಹಾಸನೂರು, ದಿಂಬಂ ದಾಟಿ 27 ಕೊಕ್ಕೆ ತಿರುವುಗಳಲ್ಲಿ ಬಣ್ಣಾರಿಗೆ ಇಳಿಯುತ್ತದೆ. ಅದೆಲ್ಲ ಸತ್ಯಮಂಗಲದ ಹುಲಿ ಸಂರಕ್ಷಿತ ಪ್ರದೇಶ. ಆನೆ, ಚಿರತೆ ಅಲ್ಲಿ ಅಪರೂಪವಲ್ಲ. 2022ರಿಂದ ಆ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ಹೈಕೋರ್ಟಿನ ನಿರ್ಬಂಧವೂ ಇದೆ. ಕಾಡಿನೊಳಗೆ ಸೈಕಲ್ ಬೇಡವೇ ಬೇಡ ಎಂದು ಎಲ್ಲರೂ ಒಪ್ಪಿದೆವು. ಬಾಡಿಗೆ ಜೀಪು ಓಡಿಸುವ ನನ್ನ ಮೈದುನ ಮುಂದೆ ಬಂದರು. ‘ಅತ್ತಿಗೆ, ನಾ ಬತ್ತೀನಿ ಬುಡಿ. ಮೂರು ಸೈಕಲ್ಲೂ ಮೇಲಿನ ಕ್ಯಾರಿಯರ್‌ಗೆ ಕಟ್ಟಾಕದು. ನಾಕು ದಿನದ ಬಾಡಿಗೆ ಹೋದ್ರೆ ಹೋಯ್ತದೆ.’ ನೀಲಗಿರಿಗೆ ಹೊರಗಿನ ವಾಹನಗಳು 2024ರ ಮೇ ತಿಂಗಳಿಂದ ಇ-ಪಾಸ್ ತೆಗೆದುಕೊಳ್ಳಬೇಕು. ಅದನ್ನು ಹುಡುಗರೇ ಮೊಬೈಲಿನಲ್ಲಿ ತೆಗೆದರು.

ಮೂರನೆಯದು ಏರು. ನಾನು ಗಣಿತದ ಟೀಚರ್ ಆದ್ದರಿಂದ ಈ ಲೆಕ್ಕ ನನಗೇ ಬಿತ್ತು. ಮೆಟ್ಟುಪಾಳ್ಯಂ ಸಮುದ್ರಮಟ್ಟದಿಂದ ಸುಮಾರು 325 ಮೀಟರ್ ಎತ್ತರದಲ್ಲಿದೆ, ಕೋತಗಿರಿ ಸುಮಾರು 1,800 ಮೀಟರ್. ನಡುವೆ 33 ಕಿಲೋಮೀಟರ್ ರಸ್ತೆ. ಅಂದರೆ ಪ್ರತಿ ನೂರು ಮೀಟರಿಗೆ ಸರಾಸರಿ ನಾಲ್ಕೂವರೆ ಮೀಟರ್ ಏರು. ಅದೇ ಮೆಟ್ಟುಪಾಳ್ಯಂನಿಂದ ಕೂನೂರಿಗೆ 1899ರಲ್ಲಿ ಓಡಲಾರಂಭಿಸಿದ ಪುಟ್ಟ ರೈಲಿನ ಹಾದಿ ನೂರಕ್ಕೆ ಎಂಟು ಮೀಟರಿಗೂ ಮೇಲೆ ಏರುತ್ತದೆ. ಅದಕ್ಕಾಗಿಯೇ ಕಲ್ಲಾರ್‌ನಿಂದ ಹಳಿಗಳ ನಡುವೆ ಹಲ್ಲುಪಟ್ಟಿ ಹಾಕಿದ್ದಾರೆ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಸೈಕಲ್ಲಿನ ಗೇರು ಮಾಡುವ ಕೆಲಸವೂ ಇಂಥದ್ದೇ. ಮುಂದಿನ ಹಲ್ಲುಚಕ್ರ ಚಿಕ್ಕದು, ಹಿಂದಿನದು ದೊಡ್ಡದು ಇರುವ ಗೇರಿಗೆ ಹಾಕಿದರೆ ವೇಗ ಸಾಯುತ್ತದೆ, ಕಾಲು ಉಳಿಯುತ್ತದೆ. ಗಂಟೆಗೆ ಏಳೆಂಟು ಕಿಲೋಮೀಟರ್ ಸಾಗಿದರೆ ಸಾಕು ಎಂದು ಬರೆದುಕೊಂಡೆವು. ಐದು ಗಂಟೆ ತುಳಿತ, ಒಂದೂವರೆ ಗಂಟೆ ವಿಶ್ರಾಂತಿ. ಕೆಳಗಿನ ಕುಂಜಪ್ಪನೈ ಸುತ್ತ ಆನೆಗಳು ರಸ್ತೆಗೆ ಬರುವುದುಂಟು. ಆದ್ದರಿಂದ ಬಿಸಿಲು ಬಿದ್ದ ಮೇಲೆ, ಏಳು ಗಂಟೆಗೆ ಮುಂಚೆ ಅಲ್ಲ.

ಕೋತಗಿರಿಯಲ್ಲಿ ನನ್ನ ಜೊತೆ ಟೀಚರ್ ತರಬೇತಿ ಮುಗಿಸಿದ ಬಡಗ ಗೆಳತಿಯೊಬ್ಬಳು ಇದ್ದಾಳೆ. ಅವಳ ಬಡಗ ಮಾತು ನನಗೆ ಅರ್ಥವಾಗುತ್ತದೆ, ನನ್ನ ಕನ್ನಡ ಅವಳಿಗೆ. ಅಲ್ಲಿನ ದೊಡ್ಡಬೆಟ್ಟ ಎಂಬ ಹೆಸರಿಗೆ, ಹಟ್ಟಿ ಎಂಬ ಮಾತಿಗೆ ನಮಗೆ ಅರ್ಥ ಹೇಳಿಕೊಡಬೇಕಿಲ್ಲವಲ್ಲ! ಫೋನಿನಲ್ಲಿ ಅವಳು ಹೇಳಿದ ಮಾತು ಯಾವ ನಕ್ಷೆಯಲ್ಲೂ ಇರಲಿಲ್ಲ. ‘ಟೀ ತೋಟದೊಳಗೆ ಸಂಜೆಯಾದರೆ ಕಾಡೆಮ್ಮೆ ಬರುತ್ತವೆ, ಕರಡಿಯೂ ಉಂಟು. ನಾಲ್ಕು ಗಂಟೆಗೆ ಸೈಕಲ್ ಮನೆಯೊಳಗಿರಬೇಕು. ಮೀಸಲು ಕಾಡಿಗೆ ಅನುಮತಿ ಇಲ್ಲದೆ ಕಾಲಿಡಬಾರದು. ಹಟ್ಟಿಯಿಂದ ಹಟ್ಟಿಗೆ ಹೋಗುವ ಮಣ್ಣು ದಾರಿಗಳುಂಟು, ನಮ್ಮ ಹುಡುಗ ತೋರಿಸುತ್ತಾನೆ.’ ಹುಡುಗರಿಗೆ ಬೇಕಾಗಿದ್ದದ್ದು ಆ ಮಣ್ಣು ದಾರಿಯೇ. ದಪ್ಪ ಟೈರಿನ ಸೈಕಲ್ ಇರುವುದು ಅದಕ್ಕಲ್ಲವೇ?

ಕೊನೆಗೆ ಸಿದ್ಧವಾದದ್ದು ಹೀಗೆ. ಮೊದಲ ದಿನ ಮೆಟ್ಟುಪಾಳ್ಯಂನಿಂದ ಕೋತಗಿರಿ. ಎರಡನೆಯ ದಿನ ಕೊಡನಾಡು ನೋಟದ ತಾಣ ಮತ್ತು ಹಟ್ಟಿಗಳ ಮಣ್ಣು ದಾರಿ. ಮೂರನೆಯ ದಿನ ಊಟಿ, ಆದರೆ ನಡುವೆ ದೊಡ್ಡಬೆಟ್ಟದ ತುದಿ. ನಾಲ್ಕನೆಯ ದಿನ ಊಟಿಯಿಂದ ಕೂನೂರಿಗೆ ಇಳಿದು, ಅಲ್ಲಿಂದ ಸೈಕಲ್ಲುಗಳನ್ನು ಜೀಪಿಗೇರಿಸುವುದು. ಕೂನೂರಿನಿಂದ ಬರ್ಲಿಯಾರ್ ಮೇಲೆ ಇಳಿಯುವ ಘಾಟಿಯಲ್ಲಿ ಬಸ್ಸು ಲಾರಿಗಳ ಸಾಲು ಹೆಚ್ಚೆಂದು ಅದನ್ನು ಬಿಟ್ಟೆವು.

ಸಕ್ಕರೆಯ ಲೆಕ್ಕ

ದಾರಿಗಿಂತ ಕಷ್ಟದ ಲೆಕ್ಕ ಇದು. ಇದನ್ನು ನಾವು ಊಹೆಯಿಂದ ಮಾಡಲಿಲ್ಲ. ಅವನನ್ನು ನೋಡುವ ವೈದ್ಯರ ಬಳಿ ಹೋಗಿ ನೋಟ್‌ಬುಕ್ ಮುಂದಿಟ್ಟೆವು. ಅವರು ಪೂರ್ತಿ ಓದಿ, ‘ಹೋಗಬಹುದು. ಆದರೆ ಮೊದಲು ಇಲ್ಲೇ ತುಳಿದು, ಅಂಕಿ ಬರೆದು ತನ್ನಿ’ ಎಂದರು.

ಹಾಗಾಗಿ ನವೆಂಬರ್, ಡಿಸೆಂಬರಿನಲ್ಲಿ ಊರಿಗೆ ಬಂದ ಪ್ರತಿ ಶನಿವಾರ ಅವನು ಗಡಿ ದಾಟಿ ಚಾಮರಾಜನಗರದ ಕಡೆಗೆ ಇಪ್ಪತ್ತು ಕಿಲೋಮೀಟರ್ ಹೋಗಿ ಬರುತ್ತಿದ್ದ. ಹೊರಡುವ ಮುಂಚೆ, ನಡುವೆ, ಬಂದ ಮೇಲೆ, ಮಲಗುವಾಗ, ರಾತ್ರಿ ಎರಡಕ್ಕೆ, ಹೀಗೆ ಐದು ಸಲ ಸಕ್ಕರೆ ನೋಡಿ ಬರೆದೆವು. ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ತುಳಿಯುವಾಗ ಇಳಿದದ್ದು ಸ್ವಲ್ಪ, ಹೆಚ್ಚು ಇಳಿದದ್ದು ನಡುರಾತ್ರಿ. ದಣಿದ ಸ್ನಾಯುಗಳು ಖಾಲಿಯಾದ ತಮ್ಮ ಉಗ್ರಾಣವನ್ನು ತುಂಬಿಕೊಳ್ಳಲು ಗಂಟೆಗಟ್ಟಲೆ ರಕ್ತದಿಂದ ಸಕ್ಕರೆ ಎಳೆಯುತ್ತಿರುತ್ತವೆ ಎಂದು ವೈದ್ಯರು ವಿವರಿಸಿದರು. ರಾತ್ರಿಯ ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕೆಂದು ಅವರೇ ಬರೆದುಕೊಟ್ಟರು. 100ಕ್ಕಿಂತ ಕೆಳಗಿದ್ದರೆ ತಿನ್ನದೆ ಸೈಕಲ್ ಹತ್ತುವಂತಿಲ್ಲ, 250 ದಾಟಿದ್ದರೆ ಕೀಟೋನ್ ಪರೀಕ್ಷೆ ಮಾಡದೆ ಹೊರಡುವಂತಿಲ್ಲ ಎಂದು ಗೆರೆ ಎಳೆದುಕೊಟ್ಟರು. ಓದುಗರು ಗಮನಿಸಬೇಕು: ಈ ಅಂಕಿಗಳು ನಮ್ಮ ಹುಡುಗನಿಗೆ ಹೇಳಿದವು. ನಿಮ್ಮ ಮಗುವಿನ ಅಂಕಿ ನಿಮ್ಮ ವೈದ್ಯರೇ ಹೇಳಬೇಕು.

ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್ ಒಂದನ್ನು ಈ ಪ್ರವಾಸಕ್ಕೆಂದು ಕೊಂಡೆವು. ಸಕ್ಕರೆ ಎಷ್ಟಿದೆ ಎಂಬುದರ ಜೊತೆಗೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಬಾಣದ ಗುರುತಿನಲ್ಲಿ ಮೊಬೈಲಿಗೆ ತೋರಿಸುತ್ತದೆ. ಹದಿನಾಲ್ಕು ದಿನ ಬರುತ್ತದೆ, ಬೆಲೆ ಕಡಿಮೆಯಲ್ಲ. ಅದು ಕೈಕೊಟ್ಟರೆ ಇರಲಿ ಎಂದು ಬೆರಳು ಚುಚ್ಚಿ ನೋಡುವ ಮೀಟರ್ ಎರಡು. ಇನ್ಸುಲಿನ್ ಬಿಸಿಲಲ್ಲಿ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆ ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ಊಟಿಯ ರಾತ್ರಿಗೆ ಅದನ್ನು ಅಂಗಿಯ ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಳ್ಳಬೇಕು. ಮೀಟರ್ ಕೂಡ ತೀರಾ ಚಳಿಯಲ್ಲಿ ಸರಿಯಾಗಿ ಕೆಲಸ ಮಾಡದು, ಅದೂ ಒಳಜೇಬಿಗೆ. ಇನ್ಸುಲಿನ್‌ನ ಇನ್ನೊಂದು ಪೂರ್ತಿ ಸೆಟ್ ಜೀಪಿನಲ್ಲಿ, ಚಿಕ್ಕಪ್ಪನ ವಶ.

ಇಬ್ಬರು ಗೆಳೆಯರನ್ನೂ ಒಂದು ಭಾನುವಾರ ಊಟಕ್ಕೆ ಕರೆದೆ. ಊಟದ ಮೇಲೆ ಪಾಠ. ಕಾರಣವಿಲ್ಲದೆ ಸಿಟ್ಟು ಮಾಡಿದರೆ, ಬೆವರಿದರೆ, ಮಾತು ತಡವರಿಸಿದರೆ ಮೊದಲು ಸೈಕಲ್ ನಿಲ್ಲಿಸಿ. ಮೂರು ಟೀ ಚಮಚ ಗ್ಲೂಕೋಸ್ ಪುಡಿ ನೀರಿನಲ್ಲಿ ಕಲಸಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಕಡಲೆ ಮಿಠಾಯಿ ಆಗ ಬೇಡ, ಅದರ ಎಣ್ಣೆಯಂಶ ಸಕ್ಕರೆಯನ್ನು ತಡಮಾಡುತ್ತದೆ. ಅದು ಚೇತರಿಸಿಕೊಂಡ ಮೇಲೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಮಗ್ಗುಲಾಗಿ ಮಲಗಿಸಿ ಆಸ್ಪತ್ರೆಗೆ ಒಯ್ಯಬೇಕು. ಆ ಹುಡುಗರು ಪರೀಕ್ಷೆಗೆ ಓದುವವರಂತೆ ಬರೆದುಕೊಂಡರು. ಒಬ್ಬ ರಾತ್ರಿ ಎರಡರ ಅಲಾರಂ ತನ್ನ ಜವಾಬ್ದಾರಿ ಎಂದ. ನನ್ನ ಪಟ್ಟಿಯ ಹನ್ನೊಂದನೆಯ ಭಯದ ಮೇಲೆ ಅಂದು ಗೆರೆ ಎಳೆದೆ.

ಜೀಪು ಎಲ್ಲಿರಬೇಕು?

ಇಷ್ಟೆಲ್ಲ ಆದ ಮೇಲೂ ಒಂದು ವಿಷಯಕ್ಕೆ ಅಮ್ಮ ಮಗನಿಗೆ ಜಟಾಪಟಿಯಾಯಿತು. ಜೀಪು ಅವರ ಹಿಂದೆಯೇ, ಕಣ್ಣಳತೆಯಲ್ಲಿ ಬರಬೇಕು ಎಂದು ನಾನು. ಬೇಡ ಎಂದು ಅವನು. ‘ಹಿಂದೆ ಜೀಪು ಗುಡುಗುಡು ಅಂತಿದ್ರೆ ಅದು ಸೈಕಲ್ ಪ್ರವಾಸ ಅಲ್ಲಮ್ಮಾ, ರೋಗಿ ಮೆರವಣಿಗೆ.’

ಆ ಮಾತು ಚುಚ್ಚಿತು. ಎರಡು ದಿನ ಆ ವಿಷಯ ಯಾರೂ ಎತ್ತಲಿಲ್ಲ. ದಾರಿ ತೋರಿಸಿದವರು ಮೈದುನ. ‘ಅತ್ತಿಗೆ, ಘಾಟಿಯಲ್ಲಿ ಜೀಪನ್ನ ಸೈಕಲ್ ವೇಗಕ್ಕೆ ಓಡ್ಸುದ್ರೆ ಹಿಂದ್ಗಡೆ ಗಾಡಿಯೋರೆಲ್ಲ ನುಗ್ಗಾಡ್ತರೆ. ಅದೇ ಅಪಾಯ. ನಾ ಮುಂದುಕ್ಕೆ ಹೋಗಿ ಕಾಯ್ತೀನಿ. ಎಲ್ಲೆಲ್ಲಿ ಕಾಯ್ಬೇಕು ಬರೆದುಕೊಡಿ.’

ಹಾಗೇ ಮಾಡಿದೆವು. ಏಳೆಂಟು ಕಿಲೋಮೀಟರಿಗೊಂದು ನಿಲ್ದಾಣ. ಜೀಪು ಮುಂದೆ ಹೋಗಿ ಅಲ್ಲಿ ನಿಲ್ಲುತ್ತದೆ. ಹುಡುಗರು ಬಂದು ತಲುಪಿದ ಮೇಲೆ ಸಕ್ಕರೆ ನೋಡಿ, ನನಗೆ ಅಂಕಿ ಕಳಿಸಿ, ಜೀಪು ಮುಂದಿನ ನಿಲ್ದಾಣಕ್ಕೆ. ಗೊತ್ತುಮಾಡಿದ ಹೊತ್ತಿಗಿಂತ ಇಪ್ಪತ್ತು ನಿಮಿಷ ತಡವಾದರೆ ಜೀಪು ತಿರುಗಿ ಹುಡುಕಿಕೊಂಡು ಬರಬೇಕು. ಮೊಬೈಲ್ ಸಿಗ್ನಲ್ ಇಲ್ಲದ ತಿರುವುಗಳಿಗೂ ಈ ನಿಯಮ ಹೊಂದುತ್ತದೆ.

ಅದರ ಕೆಳಗೆ ಇನ್ನೊಂದು ಸಾಲು ಬರೆದೆವು. ಎಲ್ಲಿಂದ ವಾಪಸು ತಿರುಗಬೇಕು ಎಂಬ ಸಾಲು. ಮಂಜು ಕವಿದು ಮುಂದಿನ ತಿರುವು ಕಾಣದಿದ್ದರೆ, ಮಧ್ಯಾಹ್ನ ಎರಡು ದಾಟಿದ್ದರೆ, ಬಾಣ ಕೆಳಮುಖವಾಗಿದ್ದರೆ ಹೊಸ ಏರು ಹತ್ತುವಂತಿಲ್ಲ. ಮೂರರಲ್ಲಿ ಒಂದಾದರೂ ಸಾಕು, ಚರ್ಚೆ ಇಲ್ಲ. ಕೆಳಗೆ ಮೂವರೂ ಸಹಿ ಹಾಕಿದರು.

ಅತ್ತೆಗೆ ಮಾತ್ರ ಇನ್ನೂ ಸಮಾಧಾನವಿರಲಿಲ್ಲ. ಆಗ ಮೊಮ್ಮಗ ಮೊಬೈಲಿನಲ್ಲಿ ಒಂದು ಸೈಕಲ್ ತಂಡದ ಚಿತ್ರ ತೋರಿಸಿದ. 2013ರಿಂದ ಟೀಮ್ ನೋವೋ ನಾರ್ಡಿಸ್ಕ್ ಎಂಬ ಹೆಸರಿನಲ್ಲಿ ವೃತ್ತಿಪರ ಪಂದ್ಯಗಳಿಗೆ ಇಳಿದ ಆ ತಂಡದ ಸವಾರರೆಲ್ಲರಿಗೂ ಟೈಪ್ 1 ಮಧುಮೇಹವೇ. ‘ಇವರೆಲ್ಲ ನಿನ್ನಂಗೇ ಚುಚ್ಕೊಳ್ಳೋರಾ?’ ಎಂದು ಅತ್ತೆ ಬಹಳ ಹೊತ್ತು ನೋಡಿದರು. ಮಾರನೆಯ ದಿನ ಪೆಟ್ಟಿಗೆಯಿಂದ ಹಳೆಯ ಉಣ್ಣೆಯ ಟೋಪಿಯೊಂದನ್ನು ತೆಗೆದು ಬಿಸಿಲಿಗೆ ಹಾಕಿದರು. ಅದೇ ಅವರ ಒಪ್ಪಿಗೆ.

ಹೋದರು, ಬಂದರು

2025ರ ಜನವರಿಯಲ್ಲಿ ಅವರು ಹೊರಟರು. ಮೊದಲ ದಿನ ಶಾಲೆಯಲ್ಲಿ ಪಾಠದ ನಡುವೆ ಬಿಡುವು ಸಿಕ್ಕಾಗಲೆಲ್ಲ ಮೊಬೈಲ್ ನೋಡಿದೆ. 142. 128. 119, ಬಾಳೆಹಣ್ಣು ತಿಂದ. 151. ಮಧ್ಯಾಹ್ನ ಎರಡಕ್ಕೆ ‘ಕೋತಗಿರಿ ಮುಟ್ಟಿದ್ವಿ’ ಎಂದು ಬಂತು. ರಾತ್ರಿ ಎರಡಕ್ಕೆ 76 ಇತ್ತಂತೆ. ಗೆಳೆಯ ಎದ್ದು ಎಬ್ಬಿಸಿ ಗ್ಲೂಕೋಸ್ ನೀರು ಕುಡಿಸಿದ. ನನಗೆ ತಿಳಿದದ್ದು ಬೆಳಗ್ಗೆ, ಎಲ್ಲ ಸರಿಹೋದ ಮೇಲೆ.

ಎರಡನೆಯ ದಿನ ಕೊಡನಾಡಿನಿಂದ ಫೋನು. ಆ ತುದಿಯಲ್ಲಿ ನಿಂತರೆ ಕೆಳಗೆ ಮೋಯಾರ್ ಕಣಿವೆ, ಕಣಿವೆಯೊಳಗೆ ತೆಂಗುಮರಹಡ ಗ್ರಾಮ, ದೂರದಲ್ಲಿ ಭವಾನಿಸಾಗರದ ನೀರು ಕಾಣುತ್ತದೆ. ಕಣಿವೆಯ ಆಚೆ ಎದ್ದು ನಿಂತಿರುವುದು ನಮ್ಮ ತಲಮಲೆ ಕಡೆಯ ಬೆಟ್ಟಗಳು. ‘ಅಮ್ಮಾ, ನಮ್ಮ ಕಡೆ ಬೆಟ್ಟ ಇಲ್ಲಿಂದ ಕಾಣ್ತದೆ. ಇಷ್ಟು ದಿನ ಆ ಕಡೆಯಿಂದ ಈ ಬೆಟ್ಟ ನೋಡ್ತಿದ್ದೆ’ ಎಂದ. ನನಗೆ ಮಾತು ಹೊರಡಲಿಲ್ಲ. ಸಕ್ಕರೆ ಎಷ್ಟು ಎಂದು ಕೇಳುವುದೂ ಮರೆತುಹೋಯಿತು.

ಮೂರನೆಯ ದಿನವೇ ನಮ್ಮ ಹತ್ತು ವಾರಗಳ ಕೆಲಸಕ್ಕೆ ನಿಜವಾದ ಪರೀಕ್ಷೆ. ದೊಡ್ಡಬೆಟ್ಟ 2,637 ಮೀಟರ್ ಎತ್ತರ, ನೀಲಗಿರಿಯಲ್ಲೇ ಎಲ್ಲಕ್ಕಿಂತ ಎತ್ತರದ್ದು. ಕೋತಗಿರಿಯಿಂದ ಊಟಿಗೆ ಹೋಗುವ ರಸ್ತೆಯಿಂದ ಅದರ ತುದಿಗೆ ಕವಲು ದಾರಿ ಇದೆ. ಹುಡುಗರು ಆ ಕವಲಿಗೆ ಬಂದಾಗ ಎರಡೂಕಾಲು ಗಂಟೆ. ಸಕ್ಕರೆ 112, ಬಾಣ ಕೆಳಮುಖ. ತುದಿ ಕೆಲವೇ ಕಿಲೋಮೀಟರ್ ದೂರ, ಆಕಾಶ ತಿಳಿಯಾಗಿತ್ತು. ಇಷ್ಟು ದೂರ ಬಂದು ಬಿಡುವುದೇ ಎಂದು ಗೆಳೆಯರಿಗೇ ಮನಸ್ಸಾಗಿತ್ತಂತೆ. ನಮ್ಮ ಹುಡುಗ ಜೇಬಿನಿಂದ ಸಹಿ ಹಾಕಿದ ಕಾಗದ ತೆಗೆದು ತೋರಿಸಿ, ಸೈಕಲ್ಲನ್ನು ಊಟಿಯ ಕಡೆಗೆ ತಿರುಗಿಸಿದ. ಇದನ್ನು ಅವನು ನನಗೆ ಹೇಳಲಿಲ್ಲ. ಹೇಳಿದ್ದು ಮೈದುನ, ಮನೆಗೆ ಬಂದ ಮೇಲೆ.

ಅಂದಿನಿಂದ ಅವನು ಕೊಯಮತ್ತೂರಿನಲ್ಲಿ ಒಂಟಿಯಾಗಿರುವಾಗ ನನ್ನ ರಾತ್ರಿಗಳು ಸ್ವಲ್ಪ ಹಗುರಾಗಿವೆ. ಏರು ಹತ್ತಬಲ್ಲ ಎಂದು ತಿಳಿದದ್ದಕ್ಕಿಂತ, ಯಾರೂ ನೋಡದಿದ್ದರೂ ನಿಲ್ಲಬಲ್ಲ ಎಂದು ತಿಳಿದದ್ದು ನನಗೆ ದೊಡ್ಡದು.

ದೀರ್ಘ ಕಾಯಿಲೆಯ ಮಗುವಿರುವ ತಂದೆತಾಯಿಗಳೇ, ನಿಮ್ಮ ಮಗು ಕೇಳುವುದು ಬೆಟ್ಟವನ್ನೇ ಆಗಬೇಕಿಲ್ಲ. ಹಾಸ್ಟೆಲ್ ಇರಬಹುದು, ದೂರದ ಊರಿನ ಕೆಲಸ ಇರಬಹುದು. ಬೇಡ ಎನ್ನುವ ಮುಂಚೆ ಒಂದು ನೋಟ್‌ಬುಕ್ ತೆಗೆಯಿರಿ. ಎಡಕ್ಕೆ ನಿಮ್ಮ ಭಯ ಬರೆಯಿರಿ, ಬಲಭಾಗವನ್ನು ಮಗುವಿಗೆ ಬಿಡಿ, ವೈದ್ಯರನ್ನು ನಡುವೆ ಕೂರಿಸಿಕೊಳ್ಳಿ. ಮನಸ್ಸಿನಲ್ಲಿದ್ದಾಗ ಬೆಟ್ಟದಷ್ಟಿದ್ದ ಭಯ ಕಾಗದದ ಮೇಲೆ ಕೈಯಿಂದ ಮಾಡಬಹುದಾದ ಕೆಲಸವಾಗುತ್ತದೆ. ಕೆಲವು ಭಯಗಳು ಹಾಗೆಯೇ ಉಳಿಯುತ್ತವೆ. ನನ್ನ ಹತ್ತೊಂಬತ್ತರಲ್ಲಿ ಮೂರಕ್ಕೆ ಇನ್ನೂ ಉತ್ತರವಿಲ್ಲ. ಅವುಗಳ ಜೊತೆಗೇ ಅವನನ್ನು ಕಳಿಸಿಕೊಟ್ಟೆ.

ನೋಟ್‌ಬುಕ್ ಈಗಲೂ ಅಡುಗೆಮನೆಯ ಗೂಡಿನಲ್ಲಿದೆ. ಕೊನೆಯ ಪುಟದಲ್ಲಿ ಅವನ ಕೈಬರಹದಲ್ಲಿ ಎರಡೇ ಪದ: ‘ದೊಡ್ಡಬೆಟ್ಟ – ಬಾಕಿ.’